ಕಾಬಾಳೆ ಮತ್ತು ಸೂರಕ್ಕಿ: ಒಂದು ವಲಸೆಯ ಇತಿಹಾಸ

೧. ಪೀಠಿಕೆ

ಕ್ರಿ. ಶ. ೧೬೧೮ರ ಬೇಸಗೆಯನ್ನು ಅಹಮದಾಬಾದಿನಲ್ಲಿ ಕಳೆದ ಜಹಾಂಗೀರ್ ಬಾದಶಹನು ಈ ನಗರವನ್ನು ಕುರಿತು ತನ್ನ ಆತ್ಮಚರಿತ್ರೆಯಲ್ಲಿ ಬರೆದಿಟ್ಟ ಮಾತುಗಳು ಪ್ರಸಿದ್ಧವಾಗಿವೆ. ಇಂತಹ ನೆಲದಲ್ಲಿ ಊರು ಕಟ್ಟಿದವನಿಗೆ ಯಾವ ಚೆಲುವು ಕಂಡಿತೋ ಎಂದು ಆತನು ಬೆರಗುಪಟ್ಟನು. ಈ ಊರನ್ನು ದೂಳಿನ ನಗರವೆಂಬ ಅರ್ಥದಲ್ಲಿ ಗರ್ದಾಬಾದ್ ಎನ್ನಬೇಕೋ, ಬಿಸಿಗಾಳಿಯ ನಾಡೆಂಬ ಅರ್ಥದಲ್ಲಿ ಸಮೂಮಿಸ್ತಾನ್ ಎನ್ನಬೇಕೋ, ರೋಗಿಗಳ ನಾಡೆಂದು ಬೀಮಾರಿಸ್ತಾನ್ ಎನ್ನಬೇಕೋ ಎಂದು ಹಲವು ಹೆಸರುಗಳನ್ನು ಸೂಚಿಸಿ, ಕೊನೆಗೆ ನರಕದ ಹೆಸರನ್ನೂ ಅದಕ್ಕೆ ಅಂಟಿಸಿದನು. ಆದರೆ ಅದೇ ಬಾದಶಹನು ಅಬ್ದುಲ್ ರಹೀಮ್ ಖಾನ್‌ಖಾನಾನನು ತನ್ನ ವಿಜಯದ ನೆನಪಿಗಾಗಿ ಸರ್ಖೇಜಿನ ಕಡೆಯಲ್ಲಿ ಮಾಡಿಸಿದ ಫತೇಬಾಗ್ ಎಂಬ ತೋಟವನ್ನು ನೋಡಲು ಹೋದುದನ್ನೂ ಬರೆದಿದ್ದಾನೆ. ದೂಳೂ ತೋಟವೂ ಒಂದೇ ಊರಿನವು; ಅವೆರಡರ ನಡುವಿನ ಅಂತರ ನೀರು ಮತ್ತು ಮನುಷ್ಯನ ಶ್ರಮ ಮಾತ್ರ.

ಆ ಸರ್ಖೇಜಿನಿಂದ ಗಾಂಧಿನಗರದತ್ತ ಹೋಗುವ ಹೆದ್ದಾರಿಯ ಪಕ್ಕದಲ್ಲಿರುವ ಬೋಡಕ್‌ದೇವ್ ಒಂದು ಕಾಲದಲ್ಲಿ ಹೊಲಗಳ ನಡುವಿನ ಹಳ್ಳಿಯಾಗಿತ್ತು. ಈಗ ಬಹುಮಹಡಿಯ ಮನೆಗಳ ಬಡಾವಣೆ. ಇಲ್ಲಿಯ ಬಿಸಿಲು ಬಾದಶಹನ ಕಾಲಕ್ಕಿಂತ ಸೌಮ್ಯವಾಗಿದೆಯೆಂದು ಹೇಳಲು ಯಾವ ಆಧಾರವೂ ಇಲ್ಲ. ೨೦೧೦ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದಿನ ಉಷ್ಣತೆ ೪೬.೮ ಡಿಗ್ರಿಗೆ ಏರಿತು. ಆ ತಿಂಗಳು ನಗರದಲ್ಲಿ ವಾಡಿಕೆಗಿಂತ ಸಾವಿರದ ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರೆಂದು ಬಳಿಕ ನಡೆದ ಅಧ್ಯಯನವು ತಿಳಿಸಿತು. ೨೦೧೩ರಲ್ಲಿ ಇಲ್ಲಿಯ ಮಹಾನಗರಪಾಲಿಕೆ ಬಿಸಿಲಿನಿಂದ ಜನರನ್ನು ಕಾಯುವ ಯೋಜನೆಯನ್ನು ರೂಪಿಸಿತು. ೨೦೧೬ರ ಮೇ ೨೦ರಂದು ಉಷ್ಣತೆ ೪೮ ಡಿಗ್ರಿಯನ್ನು ಮುಟ್ಟಿ, ೧೯೧೬ರಿಂದ ನಿಂತಿದ್ದ ದಾಖಲೆಯನ್ನು ದಾಟಿತು.

ಇಂತಹ ಬೇಸಗೆಯಲ್ಲಿಯೂ ಕೆಂಪಾಗಿ ಅರಳಿ ನಿಲ್ಲಬಲ್ಲ ಗಿಡಗಳಲ್ಲಿ ಕನ್ನಡಿಗರು ಕಾಬಾಳೆ ಎಂದು ಕರೆಯುವುದೂ ಒಂದು. ಮುಂಜಾನೆ ಅದರ ಹೂಗೊನೆಯ ಮೇಲೆ ಹೆಬ್ಬೆರಳಿನ ಗಾತ್ರದ, ನೀಲಿಗಪ್ಪು ಹೊಳಪಿನ ಹಕ್ಕಿಯೊಂದು ಕುಳಿತು ಬಾಗಿದ ಕೊಕ್ಕನ್ನು ಹೂವಿನೊಳಗೆ ಇಳಿಸುತ್ತದೆ. ಕನ್ನಡದಲ್ಲಿ ಅದು ಸೂರಕ್ಕಿ. ಗುಜರಾತಿಯಲ್ಲಿ ಶಕ್ಕರಖೋರೋ, ಎಂದರೆ ಸಕ್ಕರೆ ತಿನ್ನುವುದು. ನೋಡಿದವರಿಗೆ ಈ ಹೂವೂ ಈ ಹಕ್ಕಿಯೂ ಅನಾದಿ ಕಾಲದಿಂದ ಜೊತೆಯಾಗಿ ಬಾಳಿದವೆಂದು ತೋರುತ್ತದೆ. ವಸ್ತುಸ್ಥಿತಿ ಬೇರೆ. ಹೂವು ಅಮೆರಿಕೆಯದು, ಅದು ಹೊಂದಿಕೊಂಡು ಬೆಳೆದುದು ಅಲ್ಲಿಯ ಬೇರೊಂದು ಹಕ್ಕಿಗೆ. ತನ್ನ ಹಕ್ಕಿಯನ್ನು ಹಿಂದೆ ಬಿಟ್ಟು ಬಂದ ಒಂದು ಗಿಡ ಭಾರತದಲ್ಲಿ ಹೇಗೆ ನೆಲೆಗೊಂಡಿತು, ಮತ್ತೊಂದು ಹಕ್ಕಿಗೆ ಹೇಗೆ ಆಸರೆಯಾಯಿತು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨. ಹೆಸರಿನಲ್ಲಿ ಅಡಗಿದ ಚರಿತ್ರೆ

ಕಾಬಾಳೆ ಎಂಬ ಹೆಸರನ್ನು ಕೇಳಿದವರು ಅದು ಪರದೇಶದ ಗಿಡವೆಂದು ಊಹಿಸಲಾರರು. ಮೆಣಸಿನಕಾಯಿ ಮೆಣಸಿನ ಹೆಸರನ್ನು ಹೊತ್ತು ಒಳಗೆ ಬಂದಂತೆ, ಇದು ಬಾಳೆಯ ಹೆಸರನ್ನು ಹೊತ್ತು ಬಂದಿತು. ಮರಾಠಿಯಲ್ಲಿ ಇದಕ್ಕೆ ಕರ್ದಳವೆಂದು ಹೆಸರು, ಬಂಗಾಳದಲ್ಲಿ ಸರ್ವಜಯಾ. ಯಾವ ಹೆಸರಿನಲ್ಲಿಯೂ ಕಡಲಿನ ವಾಸನೆಯಿಲ್ಲ.

ಈ ಹೆಸರಿನ ವಿಷಯದಲ್ಲಿ ಒಂದು ಬೆಲೆಯುಳ್ಳ ಆಧಾರ ಪಶ್ಚಿಮ ಕರಾವಳಿಯಿಂದ ದೊರೆಯುತ್ತದೆ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡನು ಮಲಬಾರಿನ ಸಸ್ಯಗಳನ್ನು ಕುರಿತು ಸಿದ್ಧಪಡಿಸಿದ ‘ಹೋರ್ಟಸ್ ಮಲಬಾರಿಕಸ್’ ಎಂಬ ಮಹಾಗ್ರಂಥವು ೧೬೭೮ರಿಂದ ೧೬೯೩ರ ವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಪ್ರಕಟವಾಯಿತು. ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯನೂ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವಿದ್ವಾಂಸರೂ ಆ ಕಾರ್ಯಕ್ಕೆ ನೆರವಾದರೆಂಬುದು ಆ ಗ್ರಂಥದಿಂದಲೇ ತಿಳಿದುಬರುತ್ತದೆ. ಅದರ ಹನ್ನೊಂದನೆಯ ಸಂಪುಟದಲ್ಲಿ ಈ ಗಿಡದ ಚಿತ್ರ ‘ಕಾಟು ಬಾಲ’ ಎಂಬ ಹೆಸರಿನಿಂದ ಬಂದಿದೆ. ಅದು ಮಲಯಾಳದ ‘ಕಾಟ್ಟುವಾಳ’ ಎಂಬ ಮಾತೇ, ಎಂದರೆ ಕಾಡುಬಾಳೆ. ಕನ್ನಡದ ಕಾಬಾಳೆಗೂ ಅದಕ್ಕೂ ಇರುವ ಸಾದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಸಂಪುಟ ಹೊರಬಂದುದು ೧೬೯೨ರಲ್ಲಿ. ಕೊಲಂಬಸನು ಅಮೆರಿಕೆಯ ದಡ ಮುಟ್ಟಿದುದು ೧೪೯೨ರಲ್ಲಿ. ಸರಿಯಾಗಿ ಇನ್ನೂರು ವರ್ಷಗಳೊಳಗೆ, ಕಡಲಾಚೆಯಿಂದ ಬಂದ ಗಿಡವೊಂದು ಕರಾವಳಿಯ ಜನರ ಬಾಯಲ್ಲಿ ಕಾಡಿನ ಗಿಡವೇ ಆಗಿಹೋಗಿತ್ತು. ಅದನ್ನು ಹೊತ್ತು ತಂದವರ ನೆನಪು ಅಷ್ಟರಲ್ಲಿ ಅಳಿದಿತ್ತು. ವಲಸೆ ಬಂದವರಿಗೆ ಊರು ಕೊಡುವ ಅತ್ಯಂತ ದೊಡ್ಡ ಮರ್ಯಾದೆ, ಅವರು ಬಂದವರೆಂಬುದನ್ನು ಮರೆಯುವುದೇ ಆಗಿರಬಹುದು.

ಪಾಶ್ಚಾತ್ಯ ವಿದ್ವಾಂಸರೂ ಇದೇ ಗೊಂದಲಕ್ಕೆ ಒಳಗಾದರು. ಅಮೆರಿಕೆಯ ದ್ವೀಪಗಳನ್ನು ಇಂಡೀಸ್ ಎಂದೇ ಕರೆಯುತ್ತಿದ್ದ ಆ ಕಾಲದಲ್ಲಿ, ೧೭೫೩ರಲ್ಲಿ, ಲಿನೇಯಸನು ಇದಕ್ಕೆ ‘ಕ್ಯಾನಾ ಇಂಡಿಕಾ’ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟನು. ಹೆಸರಿನ ಮೊದಲ ಭಾಗಕ್ಕೆ ಜೊಂಡು ಎಂದು ಅರ್ಥ. ಎರಡನೆಯ ಭಾಗವನ್ನು ಓದಿದವರು ಇದು ಭಾರತದ್ದೇ ಎಂದು ಇಂದಿಗೂ ಭ್ರಮಿಸುವುದುಂಟು. ಆದರೆ ಈ ಕುಲದ ಕಾಡುಜಾತಿಗಳೆಲ್ಲ ಅಮೆರಿಕದ ಉಷ್ಣಭಾಗಗಳಲ್ಲಿ ಹುಟ್ಟಿದುವೆಂಬುದು ಈಗ ಸಾಮಾನ್ಯವಾಗಿ ಒಪ್ಪಿತವಾದ ವಿಷಯ.

ಹಾಗಿದ್ದರೂ ಹಳ್ಳಿಯವರು ಕೊಟ್ಟ ಹೆಸರಿನಲ್ಲಿ ಒಂದು ಸತ್ಯವಿದೆ. ಬಾಳೆ, ಶುಂಠಿ, ಅರಿಶಿನ, ಏಲಕ್ಕಿ, ಕಾಬಾಳೆ ಇವೆಲ್ಲವೂ ಸಸ್ಯಶಾಸ್ತ್ರದ ವರ್ಗೀಕರಣದಲ್ಲಿ ಒಂದೇ ಗಣಕ್ಕೆ ಸೇರಿದವು. ಎಲೆಯ ಸುರುಳಿಯನ್ನೂ, ನಡುವಿನ ದಿಂಡನ್ನೂ, ನೆಲದೊಳಗಣ ಗಡ್ಡೆಯನ್ನೂ ನೋಡಿ ಇದು ಬಾಳೆಯ ಬಳಗವೆಂದು ಗುರುತಿಸಿದ ಅಜ್ಞಾತ ರೈತನ ಕಣ್ಣು ತಪ್ಪಿರಲಿಲ್ಲ.

೩. ಬೀಜದ ಬಾಳಿಕೆ

ಇಷ್ಟು ದೂರ ಈ ಗಿಡ ಹೇಗೆ ಸಾಗಿತು ಎಂಬ ಪ್ರಶ್ನೆಗೆ ಉತ್ತರ ಅದರ ಬೀಜದಲ್ಲಿದೆ. ಕಾಬಾಳೆಯ ಬೀಜ ಕಪ್ಪಗೆ, ಗುಂಡಗೆ, ಕಲ್ಲಿನಷ್ಟು ಗಟ್ಟಿಯಾಗಿರುತ್ತದೆ. ಜಪಮಾಲೆಗೆ ಪೋಣಿಸುವುದಕ್ಕೂ, ಗಿಲಕಿಯೊಳಗೆ ತುಂಬುವುದಕ್ಕೂ ಅದನ್ನು ಬಳಸಿದ್ದಾರೆ. ಇಂಗ್ಲಿಷರು ಗಿಡಕ್ಕೆ ಬಂದೂಕಿನ ಗುಂಡಿನ ಹೆಸರನ್ನೇ ಇಟ್ಟರು. ಆರ್ಜೆಂಟೀನದ ಬೆಟ್ಟಸೀಮೆಯ ಹಳೆಯ ಸಮಾಧಿಯೊಂದರಲ್ಲಿ ಅಕ್ರೋಟದ ಚಿಪ್ಪಿನಿಂದ ಮಾಡಿದ ಗಿಲಕಿಗಳ ಸರ ದೊರೆಯಿತು. ಅದರೊಳಗೆ ಈ ಕುಲದ ಬೀಜಗಳಿದ್ದುವು. ಸುಮಾರು ೫೫೦ ವರ್ಷಗಳಷ್ಟು ಹಳೆಯದೆಂದು ನಿರ್ಣಯವಾದ ಅಂತಹ ಬೀಜವೊಂದು ಮೊಳೆತ ಸಂಗತಿಯನ್ನು ವಿಜ್ಞಾನಿಗಳು ೧೯೬೮ರಲ್ಲಿ ಪ್ರಕಟಿಸಿದರು. ತಲೆಮಾರುಗಳ ವರೆಗೆ ಜೀವ ಹಿಡಿದಿರಬಲ್ಲ ಬೀಜಕ್ಕೆ ಹಡಗಿನ ಆರು ತಿಂಗಳ ಪ್ರಯಾಣ ಒಂದು ಲೆಕ್ಕವಲ್ಲ.

ತಾಯ್ನಾಡಿನಲ್ಲಿ ಇದು ಬರಿಯ ಹೂಗಿಡವಾಗಿರಲಿಲ್ಲ. ಪೆರು ಮೊದಲಾದ ಆಂಡೀಸ್ ಸೀಮೆಯಲ್ಲಿ ಅಚಿರಾ ಎಂಬ ಹೆಸರಿನಿಂದ ಇದರ ಗಡ್ಡೆಯನ್ನು ಬೇಯಿಸಿ ತಿನ್ನುವ ರೂಢಿ ಬಹು ಪ್ರಾಚೀನ. ವಿಯೆಟ್ನಾಮಿನಲ್ಲಿ ಇದೇ ಗಡ್ಡೆಯ ಹಿಟ್ಟಿನಿಂದ ಶಾವಿಗೆ ಮಾಡುತ್ತಾರೆ. ಯುರೋಪಿಗೆ ಇದು ಹದಿನಾರನೆಯ ಶತಮಾನದಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ಮೂಲಕ ಬಂದಿತು. ಗೋಡಂಬಿ, ಅನಾನಸು, ಮೆಣಸಿನಕಾಯಿ, ಹೊಗೆಸೊಪ್ಪು ಇವುಗಳನ್ನು ಭಾರತಕ್ಕೆ ತಂದ ಕಡಲದಾರಿಯೇ ಇದಕ್ಕೂ ದಾರಿಯಾಗಿರಬೇಕು. ಅಹಮದಾಬಾದನ್ನು ಹಳಿದ ಜಹಾಂಗೀರನೇ, ಫಿರಂಗಿಗಳ ಬಂದರುಗಳಿಂದ ಬಂದ ಅನಾನಸು ಆಗ್ರಾದ ತನ್ನ ತೋಟದಲ್ಲಿ ಸಾವಿರಗಟ್ಟಲೆ ಫಲಿಸುತ್ತಿದ್ದುದನ್ನು ಹೆಮ್ಮೆಯಿಂದ ಬರೆದಿದ್ದಾನೆ. ಹೊಸ ಖಂಡದ ಗಿಡಗಳು ಆ ಶತಮಾನದಲ್ಲಿ ಎಷ್ಟು ವೇಗವಾಗಿ ಒಳನಾಡಿಗೆ ಸಾಗಿದುವೆಂಬುದಕ್ಕೆ ಇದೊಂದು ಸಮಕಾಲೀನ ಸಾಕ್ಷ್ಯ.

೪. ಹೂವು, ಅದರ ಹಕ್ಕಿ, ಈ ನಾಡಿನ ಹಕ್ಕಿ

ಕಾಬಾಳೆಯ ಹೂವಿನ ರಚನೆ ವಿಚಿತ್ರವಾದುದು. ದಳಗಳೆಂದು ಜನರು ತಿಳಿಯುವ ಬಣ್ಣದ ಭಾಗಗಳು ದಳಗಳಲ್ಲ. ಅವು ಪರಾಗವನ್ನು ಕಳೆದುಕೊಂಡು ಅಗಲವಾದ ಬಂಜೆ ಕೇಸರಗಳು. ನಿಜವಾದ ದಳಗಳು ಕೆಳಗೆ ಚಿಕ್ಕವಾಗಿ, ಮೊನಚಾಗಿ ನಿಂತಿರುತ್ತವೆ. ಕೇಸರಗಳಲ್ಲಿ ಒಂದು ಮಾತ್ರ, ಅದೂ ಅರ್ಧ ಭಾಗ ಮಾತ್ರ, ಪರಾಗವನ್ನು ಕೊಡುತ್ತದೆ. ಹೂವನ್ನು ಎಲ್ಲಿ ಸೀಳಿದರೂ ಎರಡು ಸಮಪಾಲಾಗುವುದಿಲ್ಲ. ಬುಡದಲ್ಲಿ ಕೊಳವೆಯಂತಹ ಭಾಗವಿದ್ದು ಅದರೊಳಗೆ ಮಧು ನಿಲ್ಲುತ್ತದೆ.

ಕೆಂಪು ಬಣ್ಣ, ಪರಿಮಳದ ಅಭಾವ, ಕೊಳವೆಯ ಆಳದಲ್ಲಿ ಮಧು: ಇವು ಹಕ್ಕಿಯನ್ನು ಕರೆಯುವ ಹೂವಿನ ಲಕ್ಷಣಗಳು. ಅಮೆರಿಕದಲ್ಲಿ ಆ ಕರೆಗೆ ಓಗೊಡುವುದು ಹಮ್ಮಿಂಗ್ ಪಕ್ಷಿ. ರೆಕ್ಕೆಗಳನ್ನು ಝೇಂಕರಿಸುವಷ್ಟು ವೇಗವಾಗಿ ಬಡಿಯುತ್ತ, ಗಾಳಿಯಲ್ಲಿ ನಿಂತಲ್ಲಿಯೇ ನಿಂತು ಮಧು ಹೀರುವ ಈ ಹಕ್ಕಿಗಳಲ್ಲಿ ಮುನ್ನೂರಕ್ಕೂ ಮಿಕ್ಕ ಜಾತಿಗಳಿವೆ. ಅವುಗಳಲ್ಲಿ ಒಂದೂ ಇಂದು ಅಮೆರಿಕ ಖಂಡಗಳ ಆಚೆ ನೆಲೆಸಿಲ್ಲ. ಭಾರತದಲ್ಲಿ ಅದನ್ನು ಕಂಡೆವೆಂದು ಹೇಳುವವರು ಕಂಡಿರುವುದು ಸೂರಕ್ಕಿಯನ್ನು, ಇಲ್ಲವೆ ಹೂವಿನ ಮುಂದೆ ತೇಲುವ ದೊಡ್ಡ ಪತಂಗವನ್ನು.

ಸೂರಕ್ಕಿಗೂ ಹಮ್ಮಿಂಗ್ ಪಕ್ಷಿಗೂ ರಕ್ತಸಂಬಂಧವಿಲ್ಲ. ಒಂದೇ ಬಗೆಯ ಜೀವನೋಪಾಯದಿಂದ ಎರಡಕ್ಕೂ ಒಂದೇ ಬಗೆಯ ಕೊಕ್ಕು ಬಂದಿದೆಯಷ್ಟೆ. ಸೂರಕ್ಕಿ ಕ್ಷಣಕಾಲ ಗಾಳಿಯಲ್ಲಿ ನಿಲ್ಲಬಲ್ಲುದಾದರೂ ಅದರ ವಾಡಿಕೆ ಕುಳಿತು ಉಣ್ಣುವುದು. ಆದುದರಿಂದ ಕೂರಲು ಎಡೆಯಿಲ್ಲದೆ ಜೋಲುವ ಅಮೆರಿಕದ ಎಷ್ಟೋ ಹೂಗಳು ಅದಕ್ಕೆ ಅನುಕೂಲವಲ್ಲ. ಅಂತಹ ಕಡೆ ಅದು ಹೂವಿನ ಬುಡವನ್ನು ಚುಚ್ಚಿ, ಪರಾಗವನ್ನು ಮುಟ್ಟದೆ ಮಧುವನ್ನು ಕದಿಯುವುದೂ ಉಂಟು. ಕಾಬಾಳೆಯ ಹೂಗೊನೆ ನೆಟ್ಟಗೆ, ಬಲವಾಗಿ ನಿಲ್ಲುವುದರಿಂದ ಹಕ್ಕಿಗೆ ಪೀಠ ಸಿದ್ಧವಾಗಿಯೇ ದೊರೆಯುತ್ತದೆ.

ಭಾರತದ ಹೂಗಳಿಗೂ ಹಕ್ಕಿಗಳಿಗೂ ಇರುವ ಈ ಸಂಬಂಧವನ್ನು ಕುರಿತು ಸಲೀಂ ಅಲಿಯವರು ೧೯೩೨ರಲ್ಲಿಯೇ ಮುಂಬಯಿಯ ನಿಸರ್ಗೇತಿಹಾಸ ಸಂಘದ ಪತ್ರಿಕೆಯಲ್ಲಿ ದೀರ್ಘಲೇಖನವನ್ನು ಬರೆದರು. ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ಅದೇ ಪತ್ರಿಕೆಯಲ್ಲಿ ೧೯೪೨–೪೩ರಲ್ಲಿಯೂ, ಗುಜರಾತಿನ ಪಕ್ಷಿಗಳ ಸಮೀಕ್ಷೆಯನ್ನು ೧೯೫೪–೫೫ರಲ್ಲಿಯೂ ಪ್ರಕಟಿಸಿದವರು ಅವರೇ. ಎರಡು ನಾಡುಗಳಲ್ಲಿಯೂ ಮನೆಯಂಗಳದ ಹಕ್ಕಿಯಾಗಿರುವುದು ನೀಲಿಗಪ್ಪು ಸೂರಕ್ಕಿ. ಆದರೆ ಬೆಂಗಳೂರು, ಮೈಸೂರುಗಳಲ್ಲಿ ಅದರ ಜೊತೆಗೆ ಕಾಣುವ ಹಳದಿ ಹೊಟ್ಟೆಯ ಪುಟ್ಟ ಸೂರಕ್ಕಿ ಅಹಮದಾಬಾದಿನ ಒಣಸೀಮೆಯಲ್ಲಿ ವಾಡಿಕೆಯದಲ್ಲ.

ಇನ್ನೊಂದು ಸಂಶಯ ಉಳಿಯುತ್ತದೆ. ತನ್ನ ಹಕ್ಕಿಯನ್ನು ಬಿಟ್ಟು ಬಂದ ಹೂವು ಬೀಜ ಕಟ್ಟಿದುದು ಹೇಗೆ? ಕಾಬಾಳೆಯ ಮೊಗ್ಗು ಬಿರಿಯುವ ಮೊದಲೇ ಪರಾಗವು ಚಪ್ಪಟೆಯಾದ ಶಲಾಕೆಯ ಮೇಲೆ ಅಂಟಿಕೊಂಡಿರುತ್ತದೆ. ಅಲ್ಲಿಂದ ಶಲಾಕಾಗ್ರಕ್ಕೆ ಇರುವುದು ಕೂದಲೆಳೆಯ ದೂರ. ಆದುದರಿಂದ ಸಾಮಾನ್ಯ ಕೆಂಪು ಕಾಬಾಳೆ ಯಾರ ಹಂಗೂ ಇಲ್ಲದೆ ತನ್ನ ಬೀಜವನ್ನು ತಾನೇ ಕಟ್ಟಬಲ್ಲುದು. ಅದರ ದಿಗ್ವಿಜಯದ ಗುಟ್ಟು ಇದು. ಹಕ್ಕಿ ಇಲ್ಲದ ಊರಿನಲ್ಲಿಯೂ ಅದು ಬಾಳಿತು. ಆದರೂ ಮಧು ಇಡುವ ತನ್ನ ಕುಲಾಚಾರವನ್ನು ಬಿಡಲಿಲ್ಲ. ಇಟ್ಟ ಎಲೆಗೆ ಬೇರೊಬ್ಬ ಅತಿಥಿ ಬಂದು ಕುಳಿತನು.

ಈ ಕಥೆಗೆ ೨೦೦೪ರಲ್ಲಿ ಒಂದು ಅನಿರೀಕ್ಷಿತ ಅಧ್ಯಾಯ ಸೇರಿತು. ದಕ್ಷಿಣ ಜರ್ಮನಿಯಲ್ಲಿ ದೊರೆತ, ಮೂರು ಕೋಟಿ ವರ್ಷಗಳಿಗೂ ಹಳೆಯದಾದ ಪಳೆಯುಳಿಕೆಯೊಂದು ಹಮ್ಮಿಂಗ್ ಪಕ್ಷಿಯದೆಂದು ಗೆರಾಲ್ಡ್ ಮೈರ್ ಎಂಬ ವಿದ್ವಾಂಸನು ತೋರಿಸಿದನು. ಎಂದ ಮೇಲೆ ಒಂದು ಕಾಲದಲ್ಲಿ ಹಳೆಯ ಖಂಡಗಳಲ್ಲಿಯೂ ಈ ಹಕ್ಕಿಗಳಿದ್ದುವು. ಯಾವುದು ಎಲ್ಲಿಯದು ಎಂಬ ತೀರ್ಪು ಎಷ್ಟು ಹಿಂದಿನಿಂದ ಲೆಕ್ಕವನ್ನು ತೆಗೆಯುತ್ತೇವೆ ಎಂಬುದನ್ನು ಅವಲಂಬಿಸಿದೆಯೆಂದು ಇದರಿಂದ ತಿಳಿಯುತ್ತದೆ.

೫. ಅಂಗಳದಿಂದ ಉದ್ಯಾನಕ್ಕೆ

ಕರಾವಳಿಯ ತೋಡುಗಳ ಬದಿಯಲ್ಲಿಯೂ ಮನೆಗಳ ಹಿತ್ತಿಲಿನಲ್ಲಿಯೂ ಬೆಳೆದ ಕಾಬಾಳೆ ಸಣ್ಣ ಹೂವಿನದು. ಉದ್ಯಾನಗಳ ದೊಡ್ಡ ಹೂವಿನ ತಳಿಗಳದು ಬೇರೆಯೇ ದಾರಿ. ದಕ್ಷಿಣ ಅಮೆರಿಕದಲ್ಲಿ ಫ್ರಾನ್ಸಿನ ರಾಯಭಾರಿ ಕಾರ್ಯದಲ್ಲಿದ್ದು ನಿವೃತ್ತನಾದ ತೆಯೊದೋರ್ ಆನೆ ಎಂಬಾತನು ಪ್ಯಾರಿಸಿನ ಬಳಿ ೧೮೪೮ರ ಸುಮಾರಿಗೆ ಮೊದಲ ಹೆಸರಾಂತ ಸಂಕರವನ್ನು ಬೆಳೆಸಿದನು. ಲಿಯೋನಿನ ಕ್ರೋಜೀ ಆ ಕಾರ್ಯವನ್ನು ಮುಂದುವರಿಸಿ ಹೂವನ್ನು ಹಿಗ್ಗಿಸಿದನು. ಶತಮಾನದ ಕೊನೆಗೆ ನೇಪಲ್ಸಿನಲ್ಲಿ ಸ್ಪ್ರೆಂಗರನು ಸೀತಾಳೆ ಹೂವನ್ನು ಹೋಲುವ ತಳಿಗಳನ್ನು ಹೊರತಂದನು. ೧೮೬೦ರ ದಶಕದಲ್ಲಿ ಲಂಡನ್ನಿನ ಬ್ಯಾಟರ್‌ಸೀ ಉದ್ಯಾನದಲ್ಲಿ ಉಷ್ಣದೇಶದ ಗಿಡಗಳನ್ನು ಬೇಸಗೆಯ ಪಾತಿಗಳಲ್ಲಿ ನೆಡುವ ಪದ್ಧತಿ ಬಂದಾಗ ಕಾಬಾಳೆಗೆ ಅಲ್ಲಿ ಅಗ್ರಸ್ಥಾನ ದೊರೆಯಿತು.

ಭಾರತದಲ್ಲಿ ಈ ಹೊಸ ತಳಿಗಳ ತವರು ಕಲ್ಕತ್ತೆ. ೧೮೨೦ರಲ್ಲಿ ವಿಲಿಯಂ ಕೇರಿ ಸ್ಥಾಪಿಸಿದ ಕೃಷಿ-ತೋಟಗಾರಿಕಾ ಸಂಘದ ಅಲಿಪುರದ ತೋಟದಲ್ಲಿ ಸಿಡ್ನಿ ಪರ್ಸಿ-ಲಂಕಾಸ್ಟರ್ ದೀರ್ಘಕಾಲ ದುಡಿದು ಅನೇಕ ತಳಿಗಳನ್ನು ರೂಪಿಸಿದನು. ಅನಂತರ ಲಖನೌವಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಟಿ. ಎನ್. ಖೋಷೂ ಅವರೂ ಅವರ ಸಹೋದ್ಯೋಗಿಗಳೂ ಈ ಸಂಕರಗಳ ವಂಶಾವಳಿಯನ್ನು ಶೋಧಿಸಿದರು. ಒಂದು ಕಾಲಕ್ಕೆ ಅಮೆರಿಕದಿಂದ ಕೈಚಾಚಿ ಪಡೆದ ಗಿಡದ ವಿಷಯದಲ್ಲಿ ಭಾರತವೇ ಪ್ರಮಾಣವಾಗುವ ಕಾಲ ಬಂದಿತು.

ಗುಜರಾತು ಮತ್ತು ಕರ್ನಾಟಕಗಳ ಉದ್ಯಾನಚರಿತ್ರೆ ಕೂಡುವುದು ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಎಂಬ ಒಬ್ಬ ವ್ಯಕ್ತಿಯಲ್ಲಿ. ೧೮೬೫ರಲ್ಲಿ ಡ್ರೆಸ್ಡೆನ್ ಬಳಿ ಹುಟ್ಟಿದ ಈತನು ಲಂಡನ್ನಿನ ಹೈಡ್ ಪಾರ್ಕಿನ ಹೂಪಾತಿಗಳಲ್ಲಿಯೂ ಕ್ಯೂ ಉದ್ಯಾನದಲ್ಲಿಯೂ ಕೆಲಸಮಾಡಿ, ೧೮೯೩ರಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರ ಸೇವೆಗಾಗಿ ಬರೋಡಾಕ್ಕೆ ಬಂದನು. ಆ ಸಂಸ್ಥಾನದ ಉದ್ಯಾನಗಳನ್ನು ಅನೇಕ ವರ್ಷ ನೋಡಿಕೊಂಡು, ೧೯೦೮ರಲ್ಲಿ ಮೈಸೂರು ಸಂಸ್ಥಾನದ ಕರೆಗೆ ಓಗೊಟ್ಟು ಬೆಂಗಳೂರಿನ ಲಾಲ್‌ಬಾಗಿಗೆ ತೆರಳಿದನು. ಹೈದರಾಲಿ ಆರಂಭಿಸಿ, ೧೮೫೬ರಲ್ಲಿ ಸರಕಾರಿ ಸಸ್ಯೋದ್ಯಾನವಾದ ಆ ತೋಟವನ್ನು ಅದಕ್ಕೆ ಮೊದಲು ೧೮೭೪ರಿಂದ ಜಾನ್ ಕ್ಯಾಮರನ್ ಬೆಳೆಸಿದ್ದನು. ಕ್ರುಂಬಿಗಲ್ ೧೯೩೨ರ ವರೆಗೆ ಅದರ ಹೊಣೆ ಹೊತ್ತನು. ಒಂದು ಜಾತಿಯ ಹೂ ಮುಗಿಯುವ ವೇಳೆಗೆ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಆಯ್ದು ನೆಡಿಸಿದುದು ಆತನ ಹೆಸರಿನೊಡನೆ ಸೇರಿಕೊಂಡಿದೆ. ಆತನ ಬಳಿಕ ಎಚ್. ಸಿ. ಜವರಾಯ, ಮುಂದೆ ಎಂ. ಎಚ್. ಮರಿಗೌಡ ಅವರು ಆ ಕಾರ್ಯವನ್ನು ವಿಸ್ತರಿಸಿದರು. ಕ್ರುಂಬಿಗಲ್ ತನ್ನ ಹುಟ್ಟೂರಿಗೆ ಹಿಂದಿರುಗಲಿಲ್ಲ. ೧೯೫೬ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡನು. ಲಾಲ್‌ಬಾಗಿನ ಬಳಿಯ ರಸ್ತೆಯೊಂದಕ್ಕೆ ಆತನ ಹೆಸರಿದೆ.

ಬರೋಡಾದಿಂದ ಬೆಂಗಳೂರಿಗೆ ಹೋದ ಈ ದಾರಿ ಏಕಮುಖವಾದುದಲ್ಲ. ಕ್ರುಂಬಿಗಲ್ ಬರೋಡಾ ಬಿಟ್ಟ ೧೯೦೮ರಲ್ಲಿಯೇ ಸಯಾಜಿರಾಯರು ಬ್ಯಾಂಕ್ ಆಫ್ ಬರೋಡಾವನ್ನು ಸ್ಥಾಪಿಸಿದರು. ೧೯೩೧ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು ೨೦೧೯ರ ಏಪ್ರಿಲ್ ೧ರಂದು ಅದರಲ್ಲಿ ಲೀನವಾಯಿತು. ಗುಜರಾತಿನಲ್ಲಿ ನೆಲೆಸಿದ ಕನ್ನಡಿಗರು ತಮ್ಮ ನೆರೆಹೊರೆಯ ತೋಟವನ್ನು ನೋಡುವಾಗ, ಲಾಲ್‌ಬಾಗಿನ ರೂಪದಲ್ಲಿ ಬರೋಡಾದ ಒಂದಿಷ್ಟು ಅನುಭವವೂ ಸೇರಿದೆಯೆಂಬುದನ್ನು ನೆನೆಯುವುದು ಯುಕ್ತ.

೬. ಬೋಡಕ್‌ದೇವ್‌ನಲ್ಲಿ ಕಾಬಾಳೆಯ ಕೃಷಿ

ಕಾಬಾಳೆ ಬಿಸಿಲನ್ನು ಸಹಿಸುತ್ತದೆ, ಬಾಯಾರಿಕೆಯನ್ನು ಸಹಿಸುವುದಿಲ್ಲ. ಈ ಭೇದವನ್ನು ತಿಳಿಯದವರು ಬಿಸಿಲಿನ ಗಿಡವೆಂದು ನಂಬಿ ಅದನ್ನು ಒಣಗಿಸುತ್ತಾರೆ. ಅಹಮದಾಬಾದಿನ ಮಳೆ ಬಹುಮಟ್ಟಿಗೆ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಮುಗಿಯುತ್ತದೆ. ಇಲ್ಲಿ ಗೋರಾಡು ಎಂದು ಕರೆಯುವ ಮರಳುಮಿಶ್ರಿತ ಮಣ್ಣು ಬೇರು ಬಿಡಲು ಹಗುರವಾದರೂ ತೇವವನ್ನು ಹಿಡಿದಿಡುವುದಿಲ್ಲ. ಆದುದರಿಂದ ಪಾತಿಯನ್ನು ಒಂದೂವರೆ ಅಡಿ ಆಳಕ್ಕೆ ಅಗೆದು, ಇಲ್ಲಿಯ ಮಾಳಿಗಳು ಛಾಣಿಯು ಖಾತರ್ ಎನ್ನುವ ಕಳಿತ ಸಗಣಿಗೊಬ್ಬರವನ್ನು ಧಾರಾಳವಾಗಿ ಬೆರೆಸಬೇಕು. ಎರಡು ಮೂರು ಕಣ್ಣುಗಳಿರುವ ಗಡ್ಡೆಯ ತುಂಡುಗಳನ್ನು ಒಂದು ಗೇಣಿಗಿಂತ ಕಡಮೆ ಆಳದಲ್ಲಿ, ಒಂದೂವರೆಯಿಂದ ಎರಡು ಅಡಿ ಅಂತರದಲ್ಲಿ ನೆಡುವುದು ವಾಡಿಕೆ. ಚಳಿ ಕಳೆದ ಫೆಬ್ರವರಿಯೂ ಮಳೆಯ ಆರಂಭವೂ ನೆಡಲು ತಕ್ಕ ಕಾಲ.

ಬೀಜದಿಂದ ಬೆಳೆಸುವವರು ಅದನ್ನು ಕಲ್ಲಿನ ಮೇಲೆ ಉಜ್ಜಿ, ಕಪ್ಪು ಸಿಪ್ಪೆಯ ಒಳಗಿನ ಬಿಳುಪು ಕಾಣಿಸಿದ ಮೇಲೆ ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ನೆನೆಸಬೇಕು. ದೊಡ್ಡ ಹೂವಿನ ಅನೇಕ ಸಂಕರಗಳು ಬೀಜವನ್ನೇ ಕಟ್ಟುವುದಿಲ್ಲ. ಅವುಗಳಿಗೆ ಗಡ್ಡೆಯೇ ಗತಿ. ಹೂ ಮುಗಿದ ಕಾಂಡವನ್ನು ಬುಡಕ್ಕೆ ಕೊಯ್ದರೆ ಪಕ್ಕದಿಂದ ಹೊಸ ಕಾಂಡ ಏಳುತ್ತದೆ. ಎರಡು ಮೂರು ವರ್ಷಗಳಿಗೊಮ್ಮೆ ಗಡ್ಡೆಗಳನ್ನು ಕಿತ್ತು ಬೇರ್ಪಡಿಸಿ ನೆಡದಿದ್ದರೆ ಪಾತಿ ಇಕ್ಕಟ್ಟಾಗಿ ಹೂ ಕುಗ್ಗುತ್ತದೆ. ಎಲೆಗಳಲ್ಲಿ ನರಗಳ ಉದ್ದಕ್ಕೂ ಹಳದಿ ಗೆರೆಗಳು ಮೂಡಿದರೆ ಅದು ನಂಜುರೋಗದ ಚಿಹ್ನೆ. ಅದಕ್ಕೆ ಔಷಧವಿಲ್ಲ, ಗಿಡವನ್ನು ಗಡ್ಡೆಸಹಿತ ಕಿತ್ತು ನಾಶಪಡಿಸಬೇಕು, ಅದರ ತುಂಡನ್ನು ನೆರೆಯವರಿಗೆ ಕೊಡಬಾರದು.

ನೀರಿನ ಪ್ರಶ್ನ ಉಳಿಯಿತು. ಈ ಪ್ರಶ್ನೆಗೆ ಕನ್ನಡನಾಡಿನ ಹಳೆಯ ಮನೆಗಳು ಉತ್ತರವನ್ನು ಕಂಡುಕೊಂಡಿದ್ದುವು. ಬಚ್ಚಲಿನ ನೀರು ಹರಿಯುವ ಮೋರಿಯ ಕೊನೆಯಲ್ಲಿ ಬಾಳೆ, ಕೆಸು, ಕಾಬಾಳೆಗಳ ಮೆಳೆ ಇರುವುದು ಹಿತ್ತಿಲಿನ ಸಾಮಾನ್ಯ ದೃಶ್ಯವಾಗಿತ್ತು. ಮಿಂದ ನೀರು ಕೊಳೆತು ನಿಲ್ಲದಂತೆ ಆ ಗಿಡಗಳು ಹೀರುತ್ತಿದ್ದುವು. ಇಂದು ಬಳಸಿದ ನೀರನ್ನು ಜೌಗುಪಾತಿಗಳಲ್ಲಿ ಹರಿಸಿ ಶುದ್ಧಿಮಾಡುವ ಪದ್ಧತಿಯಲ್ಲಿ ಲೋಕದ ಅನೇಕ ಕಡೆ ಕಾಬಾಳೆಯನ್ನೇ ನೆಡುತ್ತಾರೆ. ಅಜ್ಜಿಯರ ಹಿತ್ತಿಲಿನ ವ್ಯವಸ್ಥೆಯನ್ನೇ ಶಾಸ್ತ್ರವು ಅಳೆದು ತೂಗಿ ಒಪ್ಪಿದೆಯೆಂದರೆ ಅತಿಶಯೋಕ್ತಿಯಲ್ಲ. ಮಹಡಿಮನೆಯಲ್ಲಿಯೂ ತರಕಾರಿ, ಅಕ್ಕಿ, ಬೇಳೆ ತೊಳೆದ ನೀರು ದಿನವೂ ಒಂದೆರಡು ಕೊಡದಷ್ಟು ದೊರೆಯುತ್ತದೆ. ಸಾಬೂನಿನ ಗಡಸು ನೀರನ್ನು ಬಿಟ್ಟು ಇದನ್ನು ಉಣಿಸಿದರೆ, ಕುಡಿಯುವ ನೀರನ್ನು ಮುಟ್ಟದೆ ಒಂದು ಕುಂಡದ ಕಾಬಾಳೆ ಮೇ ತಿಂಗಳನ್ನು ದಾಟಬಲ್ಲುದು.

ಹಕ್ಕಿಗಾಗಿ ಬೆಳೆಸುವವರು ಸಣ್ಣ ಹೂವಿನ ಹಳೆಯ ಕೆಂಪು ಬಗೆಯನ್ನು ಆರಿಸುವುದು ಲೇಸು; ದೊಡ್ಡ ಹೂವಿನ ತಳಿಗಳನ್ನು ಮನುಷ್ಯನ ಕಣ್ಣಿಗಾಗಿ ಆಯ್ದು ಬೆಳೆಸಿದ್ದಾರೆ. ಸೂರಕ್ಕಿ ತಾನು ಮಧು ಕುಡಿದರೂ ಮರಿಗಳಿಗೆ ಹುಳು, ಜೇಡಗಳನ್ನು ಉಣಿಸುತ್ತದೆ. ಜೇಡನ ನೂಲಿನಿಂದಲೇ ತನ್ನ ತೂಗುಗೂಡನ್ನು ಬಿಗಿಯುತ್ತದೆ. ಆದುದರಿಂದ ವಿಷ ಸಿಂಪಡಿಸಿದ ತೋಟದಲ್ಲಿ ಹೂವಿದ್ದರೂ ಹಕ್ಕಿಯ ಸಂಸಾರ ನಿಲ್ಲುವುದಿಲ್ಲ.

೭. ಜಮಾ ಮತ್ತು ಖರ್ಚು

ಪರದೇಶದ ಗಿಡಗಳೆಲ್ಲ ಇಂತಹ ಸಭ್ಯ ಅತಿಥಿಗಳೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾಗುತ್ತದೆ. ಅಮೆರಿಕದಿಂದಲೇ ಬಂದ ಲಂಟಾನ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ಅಲಂಕಾರಕ್ಕಾಗಿ ಕಾಲಿಟ್ಟಿತು. ಇಂದು ಬಿಳಿಗಿರಿರಂಗನ ಬೆಟ್ಟ, ಬಂಡೀಪುರಗಳ ಕಾಡಿನ ತಳವನ್ನು ಅದು ಮುತ್ತಿದೆ. ಹುಲ್ಲನ್ನೂ ಎಳೆಯ ಸಸಿಗಳನ್ನೂ ಅಡಗಿಸಿ ಸೋಲಿಗರ ಜೀವನಕ್ಕೂ ಮುಳ್ಳಾಗಿದೆ. ಕಾಬಾಳೆಯೂ ಎಲ್ಲೆಡೆ ನಿರಪರಾಧಿಯಲ್ಲ. ದಕ್ಷಿಣ ಆಫ್ರಿಕದ ಸರಕಾರ ಅದನ್ನು ಆಕ್ರಮಣಕಾರಿ ಸಸ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಆದುದರಿಂದ ಹೊಳೆ ಕೆರೆಗಳ ಅಂಚಿನಲ್ಲಿ ಅದರ ಗಡ್ಡೆಯನ್ನು ಎಸೆಯುವುದು ಅವಿವೇಕ. ಅದು ಪಾತಿಯಲ್ಲಿ, ಕುಂಡದಲ್ಲಿ, ಮನೆಯವರ ಕಣ್ಣಳತೆಯಲ್ಲಿ ಇರತಕ್ಕ ಗಿಡ.

ಮತ್ತೊಂದು ಮಾತನ್ನೂ ಮರೆಯುವಂತಿಲ್ಲ. ಕಾಬಾಳೆ ಬರುವುದಕ್ಕೆ ಮುಂಚೆ ಸೂರಕ್ಕಿ ಹಸಿದಿರಲಿಲ್ಲ. ಫಾಲ್ಗುಣದಲ್ಲಿ ಎಲೆಯುದುರಿಸಿ ಕೆಂಡದಂತೆ ಅರಳುವ ಮುತ್ತುಗ, ಮರಗಳ ಮೇಲೆ ಬೆಳೆಯುವ ಬಂದಳಿಕೆ, ಗುಜರಾತಿನ ಒಣನೆಲದಲ್ಲಿ ಎಲೆಯಿಲ್ಲದೆ ಹೂಬಿಡುವ ಕೇರಡೋ ಇವು ಅದರ ಪುರಾತನ ಅನ್ನಸತ್ರಗಳು. ಗುಜರಾತಿಗಳು ಕೇಸೂಡೋ ಎಂದು ಹೋಳಿಯ ಬಣ್ಣಕ್ಕೆ ಬಳಸುವುದು ಮುತ್ತುಗದ ಹೂವನ್ನೇ. ಹೊಲಗಳು ಬಡಾವಣೆಗಳಾದಾಗ ಮೊದಲು ಕಡಿದುಹೋಗುವುದು ಇಂತಹ ಮರಗಳೂ ಪೊದೆಗಳೂ. ಅವುಗಳ ಸ್ಥಾನದಲ್ಲಿ ಒಂದು ಸಾಲು ಕಾಬಾಳೆಯನ್ನು ನೆಟ್ಟು ಸಾಲ ತೀರಿತೆಂದು ತಿಳಿಯುವುದು ತಪ್ಪು ಲೆಕ್ಕ. ಮುತ್ತುಗವನ್ನು ಉಳಿಸಿಕೊಂಡು ಅದರ ಜೊತೆಗೆ ಕಾಬಾಳೆಯನ್ನು ಬೆಳೆಸಿದರೆ ಮಾತ್ರ, ಮುತ್ತುಗದ ಹೂ ಮುಗಿದ ಬಳಿಕದ ಬೇಸಗೆಯ ತಿಂಗಳುಗಳಲ್ಲಿ ಹಕ್ಕಿಗೆ ಕೂಳು ಒದಗುತ್ತದೆ.

ಮೂಲಸ್ಥಾನದ ಪ್ರಶ್ನೆಯೊಂದರಿಂದಲೇ ಗಿಡವೊಂದರ ಯೋಗ್ಯತೆಯನ್ನು ಅಳೆಯಲಾಗದೆಂಬುದು ಈ ಚರಿತ್ರೆಯ ತಾತ್ಪರ್ಯ. ಲಂಟಾನವೂ ಕಾಬಾಳೆಯೂ ಒಂದೇ ಖಂಡದಿಂದ ಬಂದುವು. ಒಂದು ನೆರೆಯವರ ನೆಲವನ್ನು ನುಂಗಿತು. ಇನ್ನೊಂದು ಮನೆಯವರ ಮೋರಿಯ ನೀರನ್ನು ಉಂಡು, ತನ್ನದಲ್ಲದ ಹಕ್ಕಿಗೆ ಮಧುವನ್ನಿಟ್ಟಿತು. ಬಂದ ಊರಿನಲ್ಲಿ ಏನನ್ನು ತೆಗೆದುಕೊಂಡಿತು, ಏನನ್ನು ಕೊಟ್ಟಿತು ಎಂಬುದೇ ಕೊನೆಗೆ ಉಳಿಯುವ ಲೆಕ್ಕ. ಕಾಬಾಳೆ ಬಂದ ಇನ್ನೂರು ವರ್ಷಗಳೊಳಗೆ ಕರಾವಳಿಯವರು ಅದಕ್ಕೆ ತಮ್ಮ ಬಾಳೆಯ ಹೆಸರನ್ನು ಕೊಟ್ಟರು. ಗರ್ದಾಬಾದಿನ ಬಿಸಿಲಿನಲ್ಲಿ ಅದರ ಹೂಗೊನೆಯ ಮೇಲೆ ಕುಳಿತ ಶಕ್ಕರಖೋರೋ ಆ ಹೆಸರಿಗೆ ತನ್ನ ಒಪ್ಪಿಗೆಯನ್ನು ಇಂದಿಗೂ ಹಾಕುತ್ತಿದೆ.